ಕೋಳಿಗಳಿಗೂ ಶ್ರಾವಣ

ಬಲಗೈಯೋ ಎಡಗೈಯೋ, ಈಗ ಖಚಿತವಾಗಿ ಹೇಳಲಾರೆ. ಅಂಗೈ ತುಂಬ ಕೋಳಿ ಕುಕ್ಕಿದ ಸಣ್ಣ ಸಣ್ಣ ಗುರುತುಗಳಿದ್ದದ್ದು ಮಾತ್ರ ನಿಜ. ಆ ಕೈಗೆ ಸದಾ ಒಣಸಿಗಡಿಯ ವಾಸನೆ. ಮುಲುಂಡ್‌ನ ನಮ್ಮ ಈ ಹಳೆಯ ಬಿಲ್ಡಿಂಗಿನ ಕೆಳಮನೆಯಲ್ಲಿದ್ದ ಆ ಕೈಯ ಒಡತಿಯನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಉಡುಪಿ ಕಡೆಯವರು. ಹಿಂದಿನ ಕಾಂಪೌಂಡ್ ಗೋಡೆಗೆ ತಾಗಿ ಗೂಡು ಕಟ್ಟಿ ಆಗ ನಾಲ್ಕು ಹೇಂಟೆ ಸಾಕಿದ್ದರು. ಐದು ಎನ್ನುತ್ತಾನೆ ನನ್ನ ಗಂಡ. ಇರಬಹುದು.

ಬೆಳಿಗ್ಗೆ ಕಾಳು. ಸಂಜೆ ಒಂದೇ ಹಿಡಿ ತಿಂಡಿ: ಇಡ್ಲಿಯ ಚೂರು, ಕಲ್ಲಂಗಡಿ ಸಿಪ್ಪೆ, ಮೇಲಿಷ್ಟು ಸಿಗಡಿ ಪುಡಿ. ಮೇಲಿನಿಂದ ಯಾರಾದರೂ ಹಳಸಿದ ಕುರುಕಲು ಫರಸಾಣ ಎಸೆದರೆ, ಕೋಳಿಯೇನು ಕಸದ ಡಬ್ಬಿಯೇ ಎಂದು ಕತ್ತೆತ್ತಿ ಹಿಂದಿಯಲ್ಲಿ ಕೂಗುತ್ತಿದ್ದರು: “ಭಾಭೀ, ಏ ಮುರ್ಗಿ ಹೈ, ಕಚರಾ ಡಬ್ಬಾ ನಹೀಂ!”

ಮಗ ಹುಟ್ಟಿ ನಾಲ್ಕನೇ ತಿಂಗಳಿಗೆ ಶ್ರಾವಣ ಬಂತು. ಬೇರೆ ದಿನ ಮೀನಿಲ್ಲದೆ ಊಟ ಇಳಿಯದ ನಮ್ಮ ಮನೆಯಲ್ಲೂ ಆ ತಿಂಗಳು ಮೊಟ್ಟೆ ಕೂಡ ಹೊಸಿಲು ದಾಟುವಂತಿಲ್ಲ. ಅದು ಅತ್ತೆಯ ನಿಯಮ. ನನಗೆ ಬಾಚಣಿಗೆ ತುಂಬ ಕೂದಲು ಬರುತ್ತಿತ್ತು, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಎಂ.ಎ. ಓದಿದವಳು, ಒಂದು ಮೊಟ್ಟೆ ಬೇಕೆಂದು ಬಾಯಿಬಿಟ್ಟು ಕೇಳಬಹುದಿತ್ತು. ಯಾಕೆ ಕೇಳಲಿಲ್ಲವೋ.

ದೊಡ್ಡಮ್ಮನೂ ವ್ರತ ಹಿಡಿದಿದ್ದರು. ಮನೆಗೆ ಮೀನು ಬಾರದು ಎಂದು ಸಿಗಡಿಯ ಡಬ್ಬಿಯನ್ನೂ ಕಟ್ಟಿಟ್ಟರು. ಹಾಗೆ ಕೋಳಿಗಳಿಗೂ ಶ್ರಾವಣವಾಯಿತು. ಅದೇ ಹೊತ್ತಿಗೆ ಅವು ಹಳೆಯ ಗರಿ ಉದುರಿಸಿ ಹೊಸದು ಹುಟ್ಟಿಸಿಕೊಳ್ಳುವ ಕಾಲ. ಎರಡು ವಾರದಲ್ಲಿ ಬೆನ್ನು ಬೋಳಾಗಿ, ಒಂದರ ಗರಿಯನ್ನು ಇನ್ನೊಂದು ಕಿತ್ತು ತಿನ್ನತೊಡಗಿತು.

ಒಂದು ಮಧ್ಯಾಹ್ನ ಮಗುವನ್ನೆತ್ತಿಕೊಂಡು ಕೆಳಗಿಳಿದಾಗ ಅವರು ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಮಡಿಲಲ್ಲಿ ಸಿಗಡಿಯ ಡಬ್ಬಿ.

“ವ್ರತ ಹಿಡಿದದ್ದು ನಾನು ಮಾರಾಯ್ತಿ, ಇವುಗಳಲ್ಲ. ಎಂಥ ಪೆದ್ದಿ ನಾನು!” ಎಂದು ಮುಚ್ಚಳ ತೆಗೆದರು. ಕೋಳಿಗಳು ಕೈಮೇಲೆಯೇ ಹತ್ತಿದವು. ಆಮೇಲೆ ನನ್ನ ಕಡೆ ನೋಡಿದರು. “ನಿಂದೂ ಗರಿ ಉದುರ್ತಾ ಉಂಟಲ್ಲ ಮಗಾ. ಗರಿ ಹುಟ್ಟುವಾಗ ಉಪವಾಸ ಮಾಡ್ಲಿಕ್ಕಿಲ್ಲ.”

ಒಂದು ಹೇಂಟೆ ಮಾತ್ರ ಇನ್ನೂ ಮೊಟ್ಟೆ ಇಡುತ್ತಿತ್ತು. ಅದರ ಮೊಟ್ಟೆಯನ್ನು ಬೇಯಿಸಿ ಮಗುವಿನ ಟವೆಲಿನಲ್ಲಿ ಸುತ್ತಿ ಕೊಟ್ಟರು.

“ಅತ್ತೆಗೆ ಗೊತ್ತಾದರೆ?”

“ಸಿಪ್ಪೆ ಮಾತ್ರ ವಾಪಸ್ ಕೊಡು. ಇವುಗಳಿಗೆ ಬೇಕು.”

ಮೊಟ್ಟೆ ಸಿಕ್ಕ ದಿನಗಳಲ್ಲೆಲ್ಲ ಸ್ನಾನದ ಮನೆಯಲ್ಲಿ ನಿಂತು ತಿಂದೆ. ಸಿಪ್ಪೆಯನ್ನು ಮಗುವಿನ ಬಟ್ಟೆಯ ಹಿಂದೆ ಬಿಸ್ಕತ್ತಿನ ಡಬ್ಬಿಯಲ್ಲಿ ಅಡಗಿಸಿಟ್ಟೆ. ಒಂದು ಬೆಳಿಗ್ಗೆ ನೋಡಿದರೆ ಡಬ್ಬಿ ಖಾಲಿ. ಅತ್ತೆ ದೇವರಿಗೆ ಹೂ ಏರಿಸುತ್ತಿದ್ದರು. ಕೆಳಗೆ ಓಡಿದೆ.

ದೊಡ್ಡಮ್ಮ ಕಾಳಿಗೆ ಬಿಳಿ ಪುಡಿ ಬೆರೆಸುತ್ತಿದ್ದರು. “ಸಿಪ್ಪೆ ಒಣಗಿಸಿ, ನುಣ್ಣಗೆ ಕುಟ್ಟಿ, ಚೀಲದಲ್ಲಿ ಹಾಕಿ ನನ್ನ ಬಾಗಿಲ ಚಿಲಕಕ್ಕೆ ತೂಗುಹಾಕಿದ್ದೀಯಲ್ಲ, ಜಾಣೆ!”

ಕುಟ್ಟಿದ್ದು ನಾನಲ್ಲ. ಮೇಲೆ ಬಂದಾಗ ಅಡುಗೆಮನೆಯ ಕಿಟಕಿಯಲ್ಲಿ ಕುಟ್ಟಾಣಿ ತೊಳೆದು ಕವುಚಿಟ್ಟಿತ್ತು. ಇಲ್ಲಿ ನನ್ನ ನೆನಪನ್ನೇ ನಾನು ಅನುಮಾನಿಸುತ್ತೇನೆ: ಅದು ಅಂದೇ ಕಂಡದ್ದೋ, ನಾನೇ ಆಮೇಲೆ ತಂದಿಟ್ಟುಕೊಂಡದ್ದೋ?

ಗಣಪತಿ ಹಬ್ಬದ ಹೊತ್ತಿಗೆ ಕೋಳಿಗಳ ಬೆನ್ನಮೇಲೆ ಹೊಸ ಗರಿಗಳು ಮಿಂಚುತ್ತಿದ್ದವು. ನನ್ನ ಹಣೆಯಂಚಿನಲ್ಲೂ ಕಿರುಗೂದಲು.

ದೊಡ್ಡಮ್ಮ ಹೋದ ವರ್ಷ ತೀರಿಕೊಂಡರು. ಅವರು ಬಿಟ್ಟುಹೋದ ಕೋಳಿಗಳಿಗೆ ಈಗ ಸಂಜೆಯ ಹಿಡಿ ಹಾಕುವವನು ನನ್ನ ಮಗ. ಅವರು ತೀರಿಕೊಂಡ ದಿನ ಸ್ಮಶಾನದಿಂದ ಗಂಡ ಮರಳಿದ ಮೇಲೆ, ಅತ್ತೆ ಮಗನಿಗೆ ಸಿಗಡಿ ಪುಡಿ ಅಳೆದು ಕೊಡುತ್ತಿದ್ದಾಗ ಕೇಳಿಯೇಬಿಟ್ಟೆ. ಅವರು ಅವನ ಅಂಗೈಗೆ ಇನ್ನೊಂದು ಚಿಟಿಕೆ ಹೆಚ್ಚಿಗೆ ಹಾಕಿದರು.

“ಅತ್ತೆ, ಆ ಸಿಪ್ಪೆ ಕುಟ್ಟಿದ್ದು ನೀವೇನಾ?”