ನಾಲ್ಕು ತಾಲ್ಲೂಕಿನ ಕಸ

ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿದೆ. ಹಾಲು ಕಾಸಿದೆ. ಯಜಮಾನರ ಅಂಗಿಗೆ ಕಿತ್ತುಹೋಗಿದ್ದ ಗುಂಡಿ ಹೊಲಿದೆ. ರೊಟ್ಟಿ ಬಡಿದು ಎರಡು ಡಬ್ಬಿ ಕಟ್ಟಿದೆ. ಕುಡಿಯುವ ನೀರಿನ ಕೊಡ ತಿಕ್ಕಿ ತುಂಬಿಸಿದೆ. ಆಫೀಸಿಗೆ ಹೋಗಿ ಮೆಟ್ಟಿಲ ಕೆಳಗೆ ತಳ್ಳಿದ್ದ ಹಳೆಯ ಸರ್ವರನ್ನು ಎಳೆದು, ಅದರೊಳಗಿನಿಂದ ಹಲ್ಲಿಯ ಮೊಟ್ಟೆ ಹೆಕ್ಕಿದೆ.

ಈ ಕೊನೆಯ ಕೆಲಸ ನನ್ನ ಬಾಯಿಂದಲೇ ನನಗೆ ಬಂದದ್ದು.

ನಮ್ಮದು ಮಕ್ಕಳ ಕಿವಿ ಪರೀಕ್ಷೆ ಮಾಡುವ ಸಣ್ಣ ಸಂಸ್ಥೆ. ಆಫೀಸು ಹೊನ್ನಾಳಿಯಲ್ಲಿ; ಚನ್ನಗಿರಿ, ನ್ಯಾಮತಿ, ಜಗಳೂರಿಗೂ ನಮ್ಮ ಗಾಡಿ ಹೋಗುತ್ತದೆ. ಮಗುವಿಗೆ ಎಷ್ಟು ಕೇಳಿಸುತ್ತದೆ ಎಂಬುದನ್ನು ಯಂತ್ರ ಒಂದು ಚೀಟಿಯ ಮೇಲೆ ಗೆರೆಯಾಗಿ ಬರೆದುಕೊಡುತ್ತದೆ. ವರ್ಷ ತುಂಬುವುದರೊಳಗೆ ಆ ಚೀಟಿ ಬಿಳಿಚಿಕೊಂಡು ಬರೀ ಕಾಗದವಾಗುತ್ತದೆ. ಅದಕ್ಕೇ ಅದನ್ನು ಸ್ಕ್ಯಾನ್ ಮಾಡಿ, ಆಫೀಸಿನವರೆಲ್ಲ ತೆರೆದು ನೋಡುವ ಸರ್ವರಿನಲ್ಲಿ ಇಡುವುದು ನನ್ನ ಕೆಲಸ. ತಾಲ್ಲೂಕಿಗೊಂದು ಫೋಲ್ಡರು, ಅದರೊಳಗೆ ಹೋಬಳಿಗೊಂದು. ನ್ಯಾಮತಿ ಬೇರೆ ತಾಲ್ಲೂಕಾದಾಗ ಹೊನ್ನಾಳಿಯ ಫೋಲ್ಡರಿನಿಂದ ಒಂದೊಂದೇ ಊರು ಆರಿಸಿ ಬೇರೆ ಇಟ್ಟವಳೂ ನಾನೇ.

ಹೆಸರು ಉದ್ದವಾದರೆ ಆ ಹಳೆಯ ಸರ್ವರು ಫೈಲು ತೆರೆಯದೆ ಸತಾಯಿಸುತ್ತಿತ್ತು. ಹಾಗಾಗಿ ಹೋಬಳಿಗಳಿಗೆಲ್ಲ ಇಂಗ್ಲಿಷಿನ ನಾಲ್ಕೇ ಅಕ್ಷರದಲ್ಲಿ ಹೆಸರಿಟ್ಟಿದ್ದೆ. ಬಸವಾಪಟ್ಟಣ BASA, ಅಂದರೆ 'ಬಸ' ಆಯಿತು, ಸೊಕ್ಕೆ 'ಸೊಕೆ' ಆಯಿತು. ತಾಲ್ಲೂಕಿನ ಪಟ್ಟಣವಿರುವ ಹೋಬಳಿಗೆ ಎಲ್ಲೆಡೆಯೂ ಕಸಬಾ ಎಂದೇ ಹೆಸರು. ಅದು 'ಕಸ' ಆಯಿತು. ಇಷ್ಟು ವರ್ಷ ಯಾರೂ ನಗಲಿಲ್ಲ, ನಾನೂ ನಗಲಿಲ್ಲ.

ಅದೇ ಸರ್ವರಿನಲ್ಲಿ ಉಳಿದವರು ಏನೇನು ತುಂಬಿದ್ದರೋ ನೋಡಿದರೆ ಹೇಸಿಗೆ. ಯಾರದೋ ಮದುವೆಯ ವೀಡಿಯೋ, ಅರಿಶಿಣ ಹಚ್ಚಿದ್ದೇ ಎರಡು ಗಂಟೆ. ಕೇಕು ಮೆತ್ತಿದ ಮುಖಗಳು. ಒಬ್ಬರ ಗೃಹಪ್ರವೇಶದ ಕಾರ್ಡು: 'ಫೈನಲ್', 'ಹೊಸ ಫೈನಲ್', 'ಇದೇ ಫೈನಲ್'. ಮಕ್ಕಳ ಚೀಟಿಗಳನ್ನು ಇವುಗಳ ನಡುವೆ ತಡಕಾಡಬೇಕಿತ್ತು.

ಹೋದ ತಿಂಗಳು ಹೊಸ ಸರ್ವರು ಬಂತು. ಹಳೆಯದರಲ್ಲಿದ್ದುದನ್ನು ಅದಕ್ಕೆ ಸಾಗಿಸುವ ಗುತ್ತಿಗೆಯನ್ನು ಹೊರಗಿನವರೊಬ್ಬರಿಗೆ ಕೊಟ್ಟಿದ್ದರು. ನಾನು ಚನ್ನಗಿರಿ ಬಸ್ಸಿನಲ್ಲಿ ನಿಂತಿದ್ದಾಗ ಆತನ ಫೋನು.

"ಮೇಡಂ, ಇದ್ರಾಗೆ ಕಸ ಐತಲ್ರೀ. ನಾಕೂ ತಾಲ್ಲೂಕ್ನಾಗೂ ಕಸ ಐತೆ. ಹೊಸದಕ್ಕೆ ಹಾಕ್ಲಾ, ಬಿಡ್ಲಾ?"

ಆ ಮದುವೆಯೇ ನನ್ನ ತಲೆಯಲ್ಲಿದ್ದದ್ದು. "ಕಸ ಯಾರಿಗೆ ಬೇಕ್ರೀ? ಬಿಟ್ಬಿಡ್ರಿ ಅತ್ಲಾಗೆ" ಅಂದೆ. "ಪುಣ್ಯ ಬರ್ತತೆ ನಿಮಗೆ" ಎಂದೂ ಸೇರಿಸಿದೆ.

ಮೊನ್ನೆ ಜಗಳೂರಿನಿಂದ ಒಬ್ಬ ತಾಯಿ ಫೋನು ಮಾಡಿದಳು. ಮಗಳಿಗೆ ಏಳು ವರ್ಷ, ಮೂರು ಸಲ ನಮ್ಮಲ್ಲೇ ಪರೀಕ್ಷೆಯಾಗಿದೆ. "ಅಕ್ಕಾ, ಸೋಮವಾರ ಡಾಕ್ಟ್ರು ಹಳೇ ಚೀಟಿ ತರಾಕೆ ಹೇಳ್ಯಾರೆ. ಕೇಳ್ಸೋದು ವರ್ಷದಿಂದ ವರ್ಷಕ್ಕೆ ಕಮ್ಮಿ ಆಗೇತೆ ಅಂತ ಕಂಡ್ರೆ ಆಪರೇಷನ್ ಅಂತೆ. ಚೀಟಿ ಇಲ್ದಿದ್ರೆ ಇನ್ನೊಂದು ವರ್ಷ ಕಾದು ನೋಡಾಣ ಅಂತಾರೆ."

ಹೊಸ ಸರ್ವರಿನಲ್ಲಿ ಜಗಳೂರು ತೆರೆದೆ. ಸೊಕೆ ಇತ್ತು. ಕಸ ಇರಲಿಲ್ಲ. ಹೊನ್ನಾಳಿ ನೋಡಿದೆ, ಚನ್ನಗಿರಿ, ನ್ಯಾಮತಿ ನೋಡಿದೆ. ನಾಲ್ಕೂ ಪಟ್ಟಣದ ಮಕ್ಕಳ ಚೀಟಿ ಒಂದೂ ಇಲ್ಲ. ಮದುವೆ ಮಾತ್ರ ಅರಿಶಿಣದ ಸಮೇತ ಕ್ಷೇಮವಾಗಿ ಬಂದು ಕೂತಿತ್ತು.

ಆಫೀಸಿನ ಹಿರಿಯ ಸಾಹೇಬರ ಹತ್ತಿರ ಹೋದೆ. ಬಾಯಲ್ಲಿ ಅಡಿಕೆ ಇದ್ದುದರಿಂದ ಮುಖ ಮೇಲೆತ್ತಿ ಮಾತಾಡಿದರು. "ಕಸ ಅಂತ ಹೆಸರಿಟ್ಟೋರು ಯಾರ್ರೀ?"

"ನಾನೇ, ಸರ್."

"ಬಿಡ್ರಿ ಅಂದೋರು?"

"ನಾನೇ."

"ಮತ್ತೆ? ಆಯಮ್ಮಗೆ ಹೊಸದಾಗಿ ಪರೀಕ್ಷೆ ಮಾಡಿಸ್ಕಳಾಕೆ ಹೇಳ್ರಿ." ಮೂರು ವರ್ಷದ ಹಿಂದಿನ ಕಿವಿಯನ್ನು ಈಗ ಎಲ್ಲಿಂದ ಪರೀಕ್ಷಿಸುವುದು ಎಂದು ಕೇಳುವಷ್ಟರಲ್ಲಿ ಅವರು ಉಗುಳಲು ಎದ್ದುಹೋದರು.

ಉಗುಳುತ್ತಿದ್ದದ್ದು ಮೆಟ್ಟಿಲ ಕೆಳಗೆ. ಇವತ್ತು ಸರ್ವರನ್ನು ಅಲ್ಲಿಂದ ಎಳೆದಾಗ ಅದರ ಮೈಮೇಲೆಲ್ಲ ಒಣಗಿದ ಕೆಂಪು ಎಂಜಲು. ಗುಜರಿಯವನು ಬರುವ ತನಕ ಇರಲಿ ಎಂದು ತಳ್ಳಿದ್ದರಂತೆ. ಒದ್ದೆ ಬಟ್ಟೆಯಲ್ಲಿ ಒರೆಸಿದಷ್ಟೂ ಬಣ್ಣ ಬಿಡುತ್ತಿತ್ತು. ಮುಚ್ಚಳ ತೆಗೆದರೆ ಜಿರಲೆಯ ಹಿಕ್ಕೆ, ಮೊಟ್ಟೆ, ಧೂಳಿನ ಉಂಡೆ. ಆ ಎಂಜಲಿನ ಮೇಲಿದ್ದಷ್ಟೇ ಅಸಹ್ಯ, 'ಬಿಟ್ಬಿಡ್ರಿ' ಅಂದ ನನ್ನ ನಾಲಿಗೆಯ ಮೇಲೂ ಇತ್ತು.

ಪ್ಲಗ್ಗು ಹಾಕಿದೆ. ಮೂರನೆಯ ಸಲಕ್ಕೆ ಕೆಮ್ಮಿಕೊಂಡು ಎದ್ದಿತು. ಜಗಳೂರಿನ ಕಸದಲ್ಲಿ ಆ ಹುಡುಗಿಯ ಮೂರು ಚೀಟಿಯೂ ಇದ್ದವು. ಮೊದಲನೆಯದು ಏನು ಮಾಡಿದರೂ ತೆರೆಯಲಿಲ್ಲ. ಉಳಿದೆರಡನ್ನು ತಾಯಿಯ ಮೊಬೈಲಿಗೆ ಕಳಿಸಿ ಫೋನು ಮಾಡಿದೆ.

"ನಂಗೆ ಇದು ಓದಾಕೆ ಬರಲ್ಲಕ್ಕಾ. ಗೆರೆ ಹೆಂಗೈತೆ?"

"ಹಿಂದಿನದಕ್ಕಿಂತ ಈಚೇದ್ರಾಗೆ ಕೆಳಗೆ ಇಳದೈತವ್ವಾ."

"ಇಳದೈತೆ ಅಂದ್ರೆ ಕೇಳ್ಸೋದು ಕಮ್ಮಿ ಆಗೇತೆ ಅಂತಲ್ವಾ?"

"ಹೂಂ."

"ಹಂಗಾರೆ ಆಪರೇಷನ್ ಮಾಡ್ತಾರೆ ಬಿಡಕ್ಕಾ" ಅಂದಳು. ಸಮಾಧಾನವೋ ಸಂಕಟವೋ, ಅವಳ ದನಿಯಿಂದ ತಿಳಿಯಲಿಲ್ಲ. ಮಗಳ ಕಿವಿ ಕೆಟ್ಟಿದೆ ಎನ್ನುವುದಕ್ಕೆ ಒಬ್ಬ ತಾಯಿ ಕಾಯುವಂತಾಯಿತಲ್ಲ, ಅದಕ್ಕೂ ನಾವು ಅಡ್ಡ ಬಂದೆವಲ್ಲ ಎಂದು ಮೈಯೆಲ್ಲ ಮುಜುಗರವಾಯಿತು.

ಸಂಜೆಯೊಳಗೆ ನಾಲ್ಕೂ ಫೋಲ್ಡರುಗಳನ್ನು ಹೊಸದಕ್ಕೆ ಸಾಗಿಸಿ, ಹೆಸರನ್ನು ಕನ್ನಡದಲ್ಲಿ 'ಕಸಬಾ' ಎಂದು ತಿದ್ದಿದೆ. ಮದುವೆಯನ್ನು ಅಳಿಸಲೇ ಎಂದು ಕೇಳಿದ್ದಕ್ಕೆ ಸಾಹೇಬರು, "ಇರ್ಲಿ ಬಿಡ್ರಿ, ಜಾಗ ಐತಲ್ಲ" ಅಂದರು.

ಮನೆಗೆ ಬಂದು ಸೋಪು ಹಚ್ಚಿ ಹಚ್ಚಿ ಕೈ ತೊಳೆದೆ. ವಾಸನೆ ಹೋದಂತೆ ಅನ್ನಿಸಲಿಲ್ಲ. ಅಡುಗೆಗೆ ಮನಸ್ಸಾಗದೆ ಮಂಡಕ್ಕಿ ಒಗ್ಗರಣೆ ಮಾಡಿದೆ. ಯಜಮಾನರು ಎರಡು ಸಲ ಹಾಕಿಸಿಕೊಂಡರು. ನಾನು ಚಮಚದಲ್ಲಿ ಸ್ವಲ್ಪ ತಿಂದು ಮಜ್ಜಿಗೆ ಕುಡಿದೆ. ಅವರೇ ಮೊದಲು ಮಲಗಿದರು.