ಆಚೆ ತುದಿಯ ಬಾವುಟ

ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು, ‘ಹೋಗಿ ಬರ್ತೀನಿ’ ಅನ್ನಬೇಕು. ನಮ್ಮ ಧಾರವಾಡದ ಕಡೆ ಇದು ಮಕ್ಕಳಿಗೂ ಗೊತ್ತು. ನನಗೂ ಗೊತ್ತಿದೆ. ಆದರೂ ಮಸ್ಕತ್ತಿನ ಅಲ್ ಖುವೈರ್‌ನ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ಶೂ ಹಾಕಿಕೊಳ್ಳುವಾಗ ಮನಸ್ಸು ಆಗಲೇ ಸೂರ್ ರಸ್ತೆ ಹಿಡಿದಿರುತ್ತದೆ, ಬಾಯಿ ತಪ್ಪಿ ‘ಹೋಗ್ತೀನಿ’ ಅಂದುಬಿಡುತ್ತೇನೆ. ಹೆಂಡತಿ ಲಿಫ್ಟಿನ ತನಕ ಬಂದು ತಡೆಯುತ್ತಾಳೆ.

“ಒಳಗ ಬರ್ರಿ. ಒಂದು ಗುಟುಕು ನೀರು ಕುಡದು, ನೆಟ್ಟಗ ಹೇಳಿ ಹೋಗ್ರಿ.”

ಪ್ಲಾಂಟಿನಲ್ಲಿ ಹತ್ತು ಜನಕ್ಕೆ ಹುಕುಂ ಮಾಡುವ ನಾನು ಮರಳಿ ಒಳಗೆ ಹೋಗಿ, ನೀರು ಕುಡಿದು, ಪಾಠ ಒಪ್ಪಿಸುವವನಂತೆ ‘ಹೋಗಿ ಬರ್ತೀನಿ’ ಎಂದು ಹೇಳಿ ಹೊರಡುತ್ತೇನೆ.

ನನ್ನ ಕೆಲಸ ಸೂರ್ ಹತ್ತಿರದ ಗ್ಯಾಸ್ ಪ್ಲಾಂಟಿನಲ್ಲಿ, ಪಾಳಿಯ ಮೇಲೆ. ಅವಳದು ಮಸ್ಕತ್ತಿನ ಒಂದು ಆಫೀಸಿನಲ್ಲಿ. ಮಗಳ ಶಾಲೆಯೂ ಅಲ್ಲೇ. ನಡುವಿನ ದಾರಿ ದೊಡ್ಡದಲ್ಲ, ಕಾರಿನಲ್ಲಿ ಮಧ್ಯಾಹ್ನದ ಊಟ ಮುಗಿಸಿ ಹೊರಟವನು ಸಂಜೆಯ ಚಹಾಕ್ಕೆ ಮುಟ್ಟಬಹುದು. ಅಡ್ಡ ಬರುವುದು ಪಾಳಿ. ನನಗೆ ರಜೆ ಸಿಕ್ಕಾಗ ಅವರಿಗೆ ಆಫೀಸು, ಶಾಲೆ. ಅವರಿಗೆ ಶುಕ್ರವಾರ, ಶನಿವಾರ ಬಂದಾಗ ನನಗೆ ಕಂಟ್ರೋಲ್ ರೂಮು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ಹೀಗೇ ವರ್ಷಗಳು ಸರಿದಿದ್ದವು, ನನಗೆ ನನ್ನ ಮನೆಯದೇ ಹಂಬಲ ಹತ್ತಿತ್ತು.

ಅಂಥದರಲ್ಲಿ ನಮ್ಮ ಆಸ್ಟ್ರೇಲಿಯಾದ ಮ್ಯಾನೇಜರ್ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟ. ಹೋಗುವ ಮುಂಚೆ ತನ್ನ ನಾಡಿನ ಫುಟ್‌ಬಾಲನ್ನು ಒಮಾನಿನಲ್ಲಿ ಒಮ್ಮೆ, ಒಂದೇ ಒಂದು ಸಲ, ಆಡಿಸಿಯೇ ಹೋಗಬೇಕೆಂದು ಹಟ ಹಿಡಿದ. ಮಸ್ಕತ್ತಿನವರದು ‘ಸಿಟಿ’ ತಂಡ, ಸೂರ್, ನಿಜ್ವಾ, ಸೊಹಾರ್ ಕಡೆಯವರದು ‘ಕಂಟ್ರಿ’ ತಂಡ. ಎರಡೂ ಆಲ್ ಸ್ಟಾರ್ ತಂಡಗಳು ಎಂದು ಪೋಸ್ಟರಿನಲ್ಲಿತ್ತು. ನಮ್ಮ ಕಡೆಯ ಸ್ಟಾರುಗಳಲ್ಲಿ ಕೆಲವರು ಆ ಚೆಂಡನ್ನು ಮೊದಲ ಸಲ ಮುಟ್ಟಿದ್ದೇ ಹಿಂದಿನ ವಾರ. ಆಡಲು ಬಾರದ ನನಗೆ ಗೋಲ್ ಅಂಪೈರ್ ಕೆಲಸ ಬಂತು. ಆಟ ಮಸ್ಕತ್ತಿನಲ್ಲಿ, ಹೋಗಿ ಬರಲು ಕಂಪನಿಯ ಬಸ್ಸು, ಹೋಗುವವರಿಗೆಲ್ಲ ಆ ಶುಕ್ರವಾರ ಡ್ಯೂಟಿ ಇಲ್ಲ. ಬೇಕಾದವರು ರಾತ್ರಿ ಮಸ್ಕತ್ತಿನಲ್ಲೇ ಉಳಿದು ಶನಿವಾರ ಬರಬಹುದು. ಅಷ್ಟು ಕೇಳಿದ್ದೇ ನಾನು ಒಪ್ಪಿಕೊಂಡೆ. ಶನಿವಾರ ಬೆಳಿಗ್ಗೆ ಮೂವರೂ ಒಟ್ಟಿಗೆ ಕೂತು ತಿಂಡಿ ತಿನ್ನಬೇಕು, ನನಗೆ ಬೇಕಾಗಿದ್ದದ್ದು ಅದೊಂದೇ.

ಫೋನಿನಲ್ಲಿ ಸುದ್ದಿ ಹೇಳಿದ ಮರುದಿನ ಹೆಂಡತಿ ತಾನೇ ಫೋನು ಮಾಡಿ ಕೇಳಿದಳು, “ಅಲ್ರೀ, ಕಂಟ್ರಿ ಅಂದ್ರ ನಮ್ಮ ದೇಶಾನ? ನಮ್ಮನಿಯವರು ದೇಶದ ಕಡಿಂದ ಆಡಾಕತ್ತಾರ ಅಂತ ಬಾಜೂ ಮನಿಯವರಿಗೆ ಹೇಳಿಬಿಟ್ಟೀನಿ.”

“ದೇಶ ಅಲ್ಲ. ಇಲ್ಲಿ ಕಂಟ್ರಿ ಅಂದ್ರ ಹಳ್ಳಿ. ಮಸ್ಕತ್ ಬಿಟ್ಟು ಉಳಿದದ್ದೆಲ್ಲಾ ಹಳ್ಳಿ.”

“ಹಂಗಾರ ನಾವು ಪ್ಯಾಟಿಯವರು, ನೀವು ಹಳ್ಳಿಯವರು ಅನ್ರಿ. ಮದುವ್ಯಾಗ ನಿಮ್ಮವ್ವ ಉಲ್ಟಾ ಹೇಳಿದ್ರು.” ನಕ್ಕು ಮತ್ತೆ ಕೇಳಿದಳು. “ಅದಿರಲಿ, ರಾತ್ರಿ ಇರ್ತೀರೋ ಇಲ್ಲೋ ಖರೇ ಹೇಳ್ರಿ. ಇರ್ತೀನಿ ಅಂದ್ರ ಪಡ್ಡಿಗೆ ಹಿಟ್ಟು ರುಬ್ಬತೀನಿ.”

“ರುಬ್ಬು,” ಅಂದೆ.

ಚಳಿಗಾಲದ ಬಿಸಿಲು. ಶುಕ್ರವಾರದ ನಮಾಜು ಮುಗಿದ ಮೇಲೆ ಆಟ ಶುರುವಾಯಿತು. ಚೆಂಡು ಸುಲಿಯದ ತೆಂಗಿನಕಾಯಿಯ ಹಾಗೆ ಉದ್ದಕ್ಕೆ, ನೆಲಕ್ಕೆ ಬಿದ್ದರೆ ಯಾವ ಕಡೆ ನೆಗೆಯುತ್ತದೆಂದು ಅದಕ್ಕೇ ಗೊತ್ತಿಲ್ಲ. ಮೈದಾನದ ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎತ್ತರದ ಎರಡರ ಸಂದಿಯಲ್ಲಿ ಒದ್ದರೆ ಗೋಲು, ಆರು ಅಂಕ, ನಾನು ಎರಡು ಬಿಳಿ ಬಾವುಟ ಬೀಸಬೇಕು. ಪಕ್ಕದ ಸಂದಿಯಲ್ಲಿ ಹೋದರೆ ಅಥವಾ ಎತ್ತರದ ಕಂಬಕ್ಕೆ ತಗುಲಿದರೆ ಒಂದು ಅಂಕ, ಒಂದು ಬಾವುಟ. ಗುರಿ ತಪ್ಪಿದವನನ್ನೂ ಬರಿಗೈಲಿ ಕಳಿಸದ ಆಟ ಅದು, ನನಗೆ ಹಿಡಿಸಿತು. ಇನ್ನೊಂದು ನಿಯಮವನ್ನು ಮ್ಯಾನೇಜರ್ ಒತ್ತಿ ಹೇಳಿದ್ದ. ಒಂದು ತುದಿಯವನು ಬೀಸಿದರೆ ಆಚೆ ತುದಿಯವನು ಅಷ್ಟೇ ಬಾವುಟ ಬೀಸಿ ಉತ್ತರ ಕೊಡಬೇಕು, ಉತ್ತರ ಕಾಣುವ ತನಕ ಮೊದಲಿನವನು ಕೈ ಇಳಿಸುವಂತಿಲ್ಲ.

ಆಚೆ ತುದಿಯವನು ಬಂದೇ ಇರಲಿಲ್ಲ. ಸಿಟಿಯವರು ಒಪ್ಪಿಸಿದ್ದ ಮನುಷ್ಯ ಕೊನೆ ಗಳಿಗೆಯಲ್ಲಿ ಕೈಕೊಟ್ಟಿದ್ದ. ಎರಡು ಬಾವುಟ ಎತ್ತಲು ಯಾರಾದರೂ ಬರುತ್ತೀರಾ ಎಂದು ಪ್ರೇಕ್ಷಕರನ್ನು ಕೇಳಿದರು. ಹಸಿರು ಚೂಡಿದಾರದ ಹೆಂಗಸೊಬ್ಬಳು ಎದ್ದು ನಿಂತದ್ದು ದೂರದಿಂದ ಕಂಡಿತು. ನನ್ನ ಹೆಂಡತಿ. ಕನ್ನಡದವರ ಹೋಟೆಲಿನಲ್ಲೂ ಚಮಚ ಕೇಳಲು ನನ್ನನ್ನೇ ಕಳಿಸುವವಳು ನನ್ನಂತೆಯೇ ಅಂಪೈರಿನ ಬಿಳಿ ಕೋಟು ತೊಟ್ಟು ಕಂಬಗಳ ನಡುವೆ ಹೋಗಿ ನಿಂತಳು.

ಆಮೇಲೆ ನಾನು ಆಟ ನೋಡಿದ್ದು ಅಷ್ಟಕ್ಕಷ್ಟೇ. ಈ ತುದಿಗೆ ಗೋಲಾದರೆ ನಾನು ಎರಡು ಬೀಸುತ್ತಿದ್ದೆ, ಅಷ್ಟು ದೂರದಲ್ಲಿ ಎರಡು ಬಿಳಿ ಚುಕ್ಕೆ ಮೇಲೇಳುತ್ತಿದ್ದವು. ಅವಳು ಒಂದು ಬೀಸಿದರೆ ನಾನು ಒಂದು. ತಿಂಗಳುಗಟ್ಟಲೆ ‘ಊಟ ಆತ?’, ‘ಆತು’ ಎಂದು ಮುಗಿಯುತ್ತಿದ್ದ ನಮ್ಮ ಮಾತು ಆ ದಿನ ನಿಲ್ಲದೆ ನಡೆಯಿತು. ಯಾರು ಗೋಲು ಹೊಡೆದರೂ ನನಗೆ ಖುಷಿಯೇ ಆಗುತ್ತಿತ್ತು.

ಅರ್ಧ ಆಟಕ್ಕೆ ಬಿಡುವು ಕೊಟ್ಟಾಗ ಹತ್ತಿರ ಹೋಗಿ ಕೇಳಿದೆ, “ನಿನಗ್ಯಾಕ ಬೇಕಿತ್ತು ಈ ಉಸಾಬರಿ?”

“ಕುಂತು ನೋಡಿದ್ರ ನೀವು ಹಾಲಿನ ಪಾಕೀಟಿನಷ್ಟು ಕಾಣತಿದ್ರಿ. ನಿಮ್ಮ ಕಣ್ಣು ಎಲ್ಲಿ ಐತೋ ಏನೋ. ಆ ಜಾಗಾದಾಗ ನಿಂತ್ರ ನೀವು ನನ್ನ ಕಡೇನ ನೋಡಬೇಕಲ್ಲ.”

ಪಕ್ಕದಲ್ಲಿದ್ದ ಮಗಳು, “ಮಮ್ಮಿ ಈಸ್ ಬೆಟರ್ ದ್ಯಾನ್ ಯು, ಪಪ್ಪಾ,” ಎಂದಳು.

ಆಟದ ಕೊನೆಯ ಭಾಗಕ್ಕೆ ಮುಂಚೆ ಕೋಟಿನ ಜೇಬಿನಲ್ಲಿದ್ದ ಫೋನು ಗುನುಗಿತು. ರಾತ್ರಿ ಪಾಳಿಯವನಿಗೆ ಜ್ವರ, ಬೇರೆ ಯಾರೂ ಇಲ್ಲ, ಸಂಜೆಯ ಬಸ್ಸಿಗೇ ವಾಪಸು ಬಾ ಎಂದು ಪ್ಲಾಂಟಿನಿಂದ ಸಂದೇಶ. ಓದಿ ತಲೆ ಎತ್ತಿದೆ. ಅವಳು ಆಚೆ ತುದಿಯಲ್ಲಿ ಬಾವುಟಗಳನ್ನು ಎದೆಗವಚಿ ನಿಂತು ನನ್ನ ಕಡೆಯೇ ನೋಡುತ್ತಿದ್ದಳು. ಇದನ್ನು ಹೇಳಲು ನನ್ನ ಬಳಿ ಯಾವ ಬಾವುಟವೂ ಇರಲಿಲ್ಲ. ಸಿಟ್ಟು ಬಂತು, ಅಳುವೂ ಬಂತು.

ಕೊನೆಯ ಒದೆತ ನಮ್ಮ ಮ್ಯಾನೇಜರನದು. ಗೋಲಾದರೆ ಕಂಟ್ರಿ ಗೆಲ್ಲುತ್ತಿತ್ತು. ಚೆಂಡು ಕಂಬಕ್ಕೆ ಬಡಿದ ಸದ್ದು ಎಲ್ಲರಿಗಿಂತ ಮೊದಲು ನನಗೆ ಕೇಳಿತು. ಒಂದು ಬಾವುಟ ಬೀಸಿದೆ. ಆಚೆಯಿಂದ ಒಂದು ಬಂತು. ಮ್ಯಾನೇಜರ್ ಸೊಂಟದ ಮೇಲೆ ಕೈಯಿಟ್ಟು ಆ ಕಂಬವನ್ನು ಬಹಳ ಹೊತ್ತು ನೋಡಿದ. ಅವನೂ ಮತ್ತೆ ಬರಲಿಲ್ಲ, ಆ ಆಟವೂ ಇಲ್ಲಿ ಮತ್ತೆ ನಡೆಯಲಿಲ್ಲ.

ಹೆಂಡತಿಗೆ ವಿಷಯ ಹೇಳಿದ್ದು ಬಸ್ಸಿನ ಬಾಗಿಲಲ್ಲಿ. ಅವಳು ಜಗಳ ಆಡಲಿಲ್ಲ. “ಹಿಟ್ಟು ಉಬ್ಬಿರತೈತಿ,” ಅಂದಳು, ಅಷ್ಟೇ. ಜಗಳ ಆಡಿದ್ದರೆ ವಾಸಿಯಿತ್ತು. ಡ್ರೈವರ್ ಸ್ಟಿಯರಿಂಗ್ ತಟ್ಟುತ್ತ “ಯಲ್ಲಾ, ಯಲ್ಲಾ” ಎಂದು ಅವಸರ ಮಾಡುತ್ತಿದ್ದ. ಮಗಳ ತಲೆ ಸವರಿ, “ಹೋಗ್ತೀನಿ,” ಎಂದು ಹತ್ತಿಬಿಟ್ಟೆ.

ಬಸ್ಸು ಅಲುಗಿದಾಗ ಕಿಟಕಿಯಿಂದ ಕೈ ಬೀಸಿದೆ. ಮಗಳು ಒಂದು ಕೈ ಎತ್ತಿ, “ಬೈ, ಪಪ್ಪಾ,” ಅಂದಳು. ಹೆಂಡತಿ ಬೀಸಲಿಲ್ಲ. ನನ್ನ ಒಂಟಿ ಕೈಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಇನ್ನೂ ಕೈಯಲ್ಲೇ ಇದ್ದ ಬಾವುಟಗಳನ್ನು, ಎರಡನ್ನೂ, ಮೇಲೆತ್ತಿದಳು. ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಒಂದಾದರೆ ಹೋಗ್ತೀನಿ. ಎರಡಾದರೆ ಹೋಗಿ ಬರ್ತೀನಿ.

ಎರಡೂ ಕೈ ಎತ್ತಿದೆ. ಅಷ್ಟರಲ್ಲಿ ಬಸ್ಸು ಗೇಟಿನ ಗೋಡೆಯ ಮರೆಗೆ ತಿರುಗಿತ್ತು. ಅವಳಿಗೆ ಕಂಡಿತೋ ಇಲ್ಲವೋ ತಿಳಿಯಲಿಲ್ಲ. ಕಾಣದಿದ್ದರೆ ಗೋಡೆಯ ಆಚೆ ಅವಳು ಹಾಗೇ ನಿಂತಿರುತ್ತಾಳೆ, ಉತ್ತರ ಬರುವ ತನಕ ಕೈ ಇಳಿಸುವಂತಿಲ್ಲ. ಫೋನು ಮಾಡಿ ಹೇಳಬಹುದಿತ್ತು. ಆದರೆ ಫೋನು ಜೇಬಿನಲ್ಲಿತ್ತು, ತೆಗೆಯಬೇಕೆಂದರೆ ನಾನು ಒಂದು ಕೈ ಇಳಿಸಬೇಕಿತ್ತು.