ಎಕ್ಸ್‌ಚೇಂಜ್ ಅಕ್ಕನೂ ಮೂರು ಕಚೇರಿಗಳೂ

ಪಿಂಚಣಿ ಕಚೇರಿಯ ಎರಡನೇ ಕೌಂಟರಿನಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಕುರ್ಚಿಯ ಬೆನ್ನಿಗೆ ಗುಮಾಸ್ತರ ಕೋಟು ನೇತಾಡುತ್ತಿತ್ತು. ಕೋಟಿನೊಳಗೆ ಇರಬೇಕಾದ ಗುಮಾಸ್ತರು ಚಹಾಕ್ಕೆ ಹೋಗಿದ್ದರು. ಬೆಂಚುಗಳ ಮೇಲಿದ್ದವರೆಲ್ಲ ಆ ಸದ್ದನ್ನು ಹಲ್ಲುಕಚ್ಚಿ ಸಹಿಸಿಕೊಂಡು ಕೂತಿದ್ದರು. ಸಹಿಸಲಾಗದವಳು ಅಕ್ಕ ಒಬ್ಬಳೇ. ನಿವೃತ್ತಿಯಾಗುವವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಬಡಿದುಕೊಳ್ಳುವ ಫೋನೆಂದರೆ ಅವಳಿಗೆ ತೊಟ್ಟಿಲಲ್ಲಿ ಅಳುವ ಕೂಸಿದ್ದ ಹಾಗೆ. ಪಕ್ಕದಲ್ಲಿದ್ದ ತಮ್ಮ ನೋಡನೋಡುತ್ತಿದ್ದಂತೆಯೇ ಎದ್ದಳು, ಕೌಂಟರಿನ ಮೇಲಿಂದ ಕೈ ಚಾಚಿದಳು, ರಿಸೀವರ್ ಎತ್ತಿದಳು.

"ಎಕ್ಸ್‌ಚೇಂಜ್. ಯಾರು ಬೇಕು ಹೇಳಿ."

ಆ ಕಡೆಯಿಂದ ಒಂದು ಗಂಭೀರ ಗಂಟಲು ತಡವರಿಸಿತು. "ಅದು... ಎರಡನೇ ಕೌಂಟರಿನವರು ಬೇಕಿತ್ತು."

"ಲೈನಲ್ಲಿರಿ," ಎಂದ ಅಕ್ಕ, ರಿಸೀವರಿಗೆ ಅಂಗೈ ಮುಚ್ಚಿ, ಕಚೇರಿಯ ಗೋಡೆಗಳೆಲ್ಲ ನಡುಗುವಂತೆ ಕೂಗಿದಳು: "ಎರಡನೇ ಕೌಂಟರ್! ನಿಮಗೆ ಕಾಲ್!"

ಗುಮಾಸ್ತರು ಕೈಯಲ್ಲಿ ಲೋಟ ಹಿಡಿದೇ ಓಡಿಬಂದರು, ಅರ್ಧ ಚಹಾ ಅಂಗಿಯ ಮೇಲೆ. ಫೋನಿನಲ್ಲಿದ್ದವರು ಅದೇ ಕಟ್ಟಡದ ಮೇಲಿನ ಮಹಡಿಯ ದೊಡ್ಡ ಸಾಹೇಬರು. "ಸಾರ್... ಇಲ್ಲ ಸಾರ್... ಎಕ್ಸ್‌ಚೇಂಜ್ ಅಲ್ಲ ಸಾರ್... ಯಾರೋ ಹೆಂಗಸು ಸಾರ್." ಬೆಂಚುಗಳೆಲ್ಲ ಬಿದ್ದು ಬಿದ್ದು ನಕ್ಕವು. ಗುಮಾಸ್ತರು ಫೋನಿಟ್ಟು ತಿರುಗಿದರು. "ಸರ್ಕಾರಿ ಫೋನ್ ಮುಟ್ಟೋಕೆ ಯಾರ್ರೀ ನೀವು? ಆಚೆ ನಡೀರಿ! ನಿಮ್ಮ ಫೈಲು ಇವತ್ತು ನೋಡಲ್ಲ." ಕಾವಲುಗಾರ ಬಾಗಿಲವರೆಗೂ ಬಿಟ್ಟುಬಂದ. ಕೋಲೂರಿ ನಡೆಯುತ್ತಿದ್ದ ತಮ್ಮನಿಗೆ ಅಕ್ಕನ ಕಿವಿ ಕೆಂಪಗಾಗಿದ್ದು ಹಿಂದಿನಿಂದಲೂ ಕಂಡಿತು.

ಇಷ್ಟಕ್ಕೂ ಫೈಲು ಅವನದು. ಸೇನೆಯಲ್ಲಿ ಲಾರಿ ಓಡಿಸಿದವನು, ಬೀದಿಯವರ ಬಾಯಲ್ಲಿ ಇವತ್ತಿಗೂ "ಸ್ಟೇರಿಂಗ್". ಒಮ್ಮೆ ಬೆಟ್ಟದ ದಾರಿಯಲ್ಲಿ ಲಾರಿ ಜಾರತೊಡಗಿದಾಗ ಬ್ರೇಕಿನ ಮೇಲೆ ನಿಂತು, ಹಿಂದೆ ಕೂತಿದ್ದವರನ್ನೆಲ್ಲ ಇಳಿಸಿದ. ಕೊನೆಗೆ ತಾನೂ ಇಳಿದ, ಲಾರಿಯ ಸಮೇತ, ಕಣಿವೆಗೆ. ಎಡಮಂಡಿಯನ್ನು ಅಲ್ಲೇ ಒಂದು ಫೀಲ್ಡ್ ಆಸ್ಪತ್ರೆಯಲ್ಲಿ ಹೇಗೋ ಜೋಡಿಸಿ ಕಳಿಸಿದರು. ಆಗ ತಾಳಿಕೊಂಡ ಮಂಡಿ ಈಗ ತಾಳಲಾರೆ ಎನ್ನುತ್ತಿತ್ತು. ಇಬ್ಬರೂ ಇರುವ ಎರಡನೇ ಮಹಡಿಯ ಅಕ್ಕನ ಮನೆಯಿಂದ ಕೆಳಗಿಳಿಯುವುದೆಂದರೆ ಗೋಡೆ ಹಿಡಿದು, ಕೂತು, ಎದ್ದು, ಮತ್ತೆ ಕೂತು. ಗಾಯ ಸೇವೆಯಲ್ಲಿದ್ದಾಗ ಆದದ್ದು ಎಂದು ಒಪ್ಪಿಬಿಟ್ಟರೆ ಸೇನಾ ಆಸ್ಪತ್ರೆಯೇ ಹೊಸ ಮಂಡಿ ಕೂರಿಸುತ್ತದೆ. ಆದರೆ ವೈದ್ಯಕೀಯ ಮಂಡಳಿ "ವಯಸ್ಸಿನ ಸವೆತ" ಎಂದು ಬರೆದು ಕೈತೊಳೆದುಕೊಂಡಿತ್ತು. ಆ ಎರಡು ಪದ ಅವನಿಗೆ ಮಂಡಿಗಿಂತ ಹೆಚ್ಚು ನೋವು ಕೊಟ್ಟಿದ್ದವು.

"ಸವೆದಿದೆಯಂತೆ ಅಕ್ಕಾ. ನಾನೇನು ಚಪ್ಪಲಿನಾ?"

ಹೀಗೆ ಮಂಡಿ ಕೈಕೊಟ್ಟವನು ಮೇಲ್ಮನವಿ ಮಂಡಿಸಿದ. ಹಳೇ ಚಿಕಿತ್ಸೆಯ ಕಾಗದ ಬಂದರೆ ಪರಿಶೀಲಿಸೋಣ ಎಂದಿತು ಪಿಂಚಣಿ ಕಚೇರಿ; ವರ್ಷ ಕಳೆದ ಮೇಲೆ, ಈ ತಿಂಗಳ ಕೊನೆಯೊಳಗೆ ಬರದಿದ್ದರೆ ಫೈಲು ಮುಚ್ಚುತ್ತೇವೆ ಎಂದಿತು. ಸರಿ, ಕಾಗದ ತರೋಣವೆಂದು ಹೊರಟರೆ, ಕೈಯಲ್ಲಿ ತಂದದ್ದು ನಡೆಯುವುದಿಲ್ಲ, ಕಚೇರಿಯಿಂದ ಕಚೇರಿಗೇ ಬರಬೇಕು. ಸೇನಾ ಆಸ್ಪತ್ರೆಯವರು, ಸೇನೆಯ ದಾಖಲೆ ಕಚೇರಿ ಕೇಳಿದರೆ ಕೊಡುತ್ತೇವೆ ಎಂದರು. ದಾಖಲೆ ಕಚೇರಿಯವರು, ನಾವು ಕೇಳಬೇಕಾದಲ್ಲಿ ಕೇಳಿಯಾಗಿದೆ, ಉತ್ತರ ಬಂದಿಲ್ಲ ಎಂದರು. ತಡಮಾಡುವುದರಲ್ಲಿ ಆ ಕಚೇರಿ ನಿಜಕ್ಕೂ ದಾಖಲೆ ಮಾಡಿತ್ತು. ಪಿಂಚಣಿಯವರು ಮತ್ತೆ ಆಸ್ಪತ್ರೆಯತ್ತ ಬೊಟ್ಟು ಮಾಡಿದರು. ಒಬ್ಬರಿಗೊಬ್ಬರು ಕಾಗದ ಬರೆಯುತ್ತಿದ್ದರೇ ಹೊರತು ಒಬ್ಬರೂ ಒಬ್ಬರೊಡನೆ ಬಾಯಿಬಿಟ್ಟು ಮಾತಾಡಿದವರಲ್ಲ. ಫೈಲಿಗೆ ಕಟ್ಟಿದ ದಾರವಿತ್ತು, ಕಾಲಿರಲಿಲ್ಲ. ಕಾಲಿಲ್ಲದ ಫೈಲಿಗಾಗಿ ಓಡಾಡಬೇಕಾದವನು ಕಾಲು ಕೆಟ್ಟವನು.

ಆ ದಿನ ಅಕ್ಕ ತಮ್ಮ ಬಸ್ಸಿನಲ್ಲಿ ಮನೆಗೆ ಹೊರಟರು. ಸೇತುವೆ ದಾಟಿದ ಮೇಲೆ ಅಕ್ಕ ಇದ್ದಕ್ಕಿದ್ದ ಹಾಗೆ ಅಂದಳು, "ಅವರು ಲೈನಲ್ಲಿದ್ರು ಕಣೋ."

"ಯಾರು?"

"ಸಾಹೇಬ್ರು. ನಾನು ಇರಿ ಅಂದೆ, ಇದ್ರು. ಯಾರು ಏನು ಅಂತ ಒಂದು ಮಾತು ಕೇಳ್ಲಿಲ್ಲ."

"ಅಕ್ಕಾ, ನಿನ್ನ ದಮ್ಮಯ್ಯ, ಹೊಸದೇನೂ ಶುರು ಮಾಡ್ಬೇಡ."

"ಹೊಸದಲ್ಲವೋ. ಹಳೇದೇ."

ಅವಳ ಹಳೇ ಕೆಲಸ ಹೇಗಿತ್ತೆಂಬುದು ತಮ್ಮನಿಗೆ ಗೊತ್ತಿತ್ತು. ಚಿಕ್ಕವನಿದ್ದಾಗ ಊಟದ ಡಬ್ಬಿ ಕೊಡಲು ಹೋಗಿ ಬಾಗಿಲಲ್ಲಿ ನಿಂತು ನೋಡಿದ್ದಾನೆ. ಉದ್ದನೆಯ ಕೋಣೆ, ಸಾಲಾಗಿ ಎತ್ತರದ ಸ್ಟೂಲುಗಳು, ತಲೆಗೆ ಹೆಡ್‌ಸೆಟ್ಟು ಬಿಗಿದ ಹೆಂಗಸರು, ಎದುರಿನ ಬೋರ್ಡಿನಲ್ಲಿ ಮಿಣುಕುವ ದೀಪಗಳು. ಆಪರೇಟರ್ ಆದವಳು ತನ್ನ ಹೆಸರು ಹೇಳಬಾರದು, ತನ್ನ ಮಾತು ಸೇರಿಸಬಾರದು. ಇವರಿಗೆ ಅವರು ಯಾರೆಂದು, ಅವರಿಗೆ ಇವರು ಯಾರೆಂದು ಹೇಳಿ, ಎರಡು ಕಡೆಯೂ "ಹಲೋ" ಬರುವ ತನಕ ತಂತಿ ಹಿಡಿದುಕೊಂಡಿದ್ದು ಆಮೇಲೆ ಮಾಯವಾಗಬೇಕು. ಹೆರಿಗೆ, ಸಾವು, ಮುನಿಸು, ಮದುವೆ ಎಲ್ಲ ಅವಳ ಬೆರಳ ತುದಿಯಿಂದ ದಾಟಿ ಹೋಗಿದ್ದವು. ಪ್ರವಾಹ ಬಂದ ವರ್ಷ ಮನೆಗೂ ಬಾರದೆ ಆ ಸ್ಟೂಲಿನ ಮೇಲೇ ಕೂತು ಅರ್ಧ ಊರನ್ನು ಇನ್ನರ್ಧ ಊರಿಗೆ ಜೋಡಿಸಿದವಳು ಅವಳು. ಆಗ ಯಾರೂ ಅವಳ ಹೆಸರು ಕೇಳಿರಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ.

ಮರುದಿನ ಗುಮಾಸ್ತರ ಚಹಾ ಮುಗಿದಿರುವ ಹೊತ್ತು ನೋಡಿಕೊಂಡು ಅಕ್ಕ ಊಟದ ಮೇಜಿನ ಮುಂದೆ ನೆಟ್ಟಗೆ ಕೂತಳು. ಮೊಬೈಲನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿ ಸ್ಪೀಕರ್ ಹಾಕಿದಳು. ತಮ್ಮನ ಕಡೆ ಬೆರಳು ತೋರಿಸಿದಳು: "ಕೆಮ್ಮಬಾರದು."

ಮೊದಲು ಆಸ್ಪತ್ರೆ. "ರೆಕಾರ್ಡ್ ರೂಮಾ? ದಾಖಲೆ ಕಚೇರಿಗೆ ಕೊಡ್ತಾ ಇದೀನಿ. ಲೈನಲ್ಲಿರಿ." ಆಮೇಲೆ ದಾಖಲೆ ಕಚೇರಿ. "ಸೇನಾ ಆಸ್ಪತ್ರೆ ಲೈನಲ್ಲಿದೆ. ಇಡಬೇಡಿ." ಕೊನೆಗೆ ಪಿಂಚಣಿ. "ಎರಡನೇ ಕೌಂಟರಾ? ನಿಮಗೆ ದಾಖಲೆ ಕಚೇರಿ ಮತ್ತು ಸೇನಾ ಆಸ್ಪತ್ರೆ." ಮೂರನ್ನೂ ಒಂದುಗೂಡಿಸಿ, ಇಸ್ತ್ರಿ ಮಾಡಿದಂಥ ದನಿಯಲ್ಲಿ ಹೇಳಿದಳು, "ವಿಷಯ, ಲಾರಿ ಚಾಲಕರ ಎಡಮಂಡಿ. ಮಾತಾಡಿ."



"ಹೇಳಿ ಸಾರ್," ಎಂದರು ಪಿಂಚಣಿಯವರು.

"ನೀವು ಹೇಳಿ. ಫೋನ್ ಮಾಡಿದ್ದು ನೀವಲ್ವಾ?" ಎಂದಿತು ದಾಖಲೆ ಕಚೇರಿಯ ಗೊಗ್ಗರು ದನಿ.

"ನಾನೆಲ್ಲಿ ಮಾಡಿದೆ? ಇರಲಿ ಬಿಡಿ, ಸಿಕ್ಕಿದೀರಲ್ಲ. ಆ ಎಡಮಂಡಿ ಕಾಗದ ಏನಾಯ್ತು? ನಾವು ಬರೆದು ವರ್ಷ ಆಯ್ತು."

"ಬಂದ ದಿನಾನೇ ನಾವು ಫೀಲ್ಡ್ ಆಸ್ಪತ್ರೆಗೆ ಬರೆದಿದೀವಿ. ಮೂರು ಸಲ ಬರೆದಿದೀವಿ. ಅವರು ಉತ್ತರಾನೇ ಕೊಡಲ್ಲ."

"ಯಾವ ಫೀಲ್ಡ್ ಆಸ್ಪತ್ರೆ ಸಾರ್?" ಆಸ್ಪತ್ರೆಯ ಹೆಂಗಸಿನ ದನಿ ಮಧ್ಯೆ ಬಂತು. "ಬೆಟ್ಟದ್ದಾ? ಅದು ಮುಚ್ಚಿ ಎಷ್ಟೋ ಕಾಲ ಆಯ್ತಲ್ಲ! ಅಲ್ಲೀಗ ಖಾಲಿ ಕಟ್ಟಡ. ಫೈಲೆಲ್ಲ ನಮ್ಮ ಹತ್ರ ಇದೆ."

"ನಮಗೆ ಯಾರೂ ಹೇಳಲೇ ಇಲ್ಲ."

"ನೀವು ಕೇಳಲೇ ಇಲ್ಲ."

ಮೂರು ಸಲ ಖಾಲಿ ಕಟ್ಟಡಕ್ಕೆ ಪತ್ರ ಬರೆದು, ಅದು ಉತ್ತರ ಕೊಡುತ್ತಿಲ್ಲವೆಂದು ಸಿಟ್ಟು ಮಾಡಿಕೊಂಡು ಕೂತಿತ್ತು ಒಂದು ಇಡೀ ಕಚೇರಿ! ತಮ್ಮ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಅಕ್ಕನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕೆಲಸದ ಮೇಲಿದ್ದಳು.

"ಇಲ್ಲೇ ಸಿಕ್ತು ನೋಡಿ," ಎಂದಳು ಆಸ್ಪತ್ರೆಯ ಹೆಂಗಸು, ಕಾಗದ ಸರಪರ ಎನ್ನಿಸುತ್ತ. "ಲಾರಿ ಅಪಘಾತ, ಎಡಮಂಡಿ. ಸ್ಪಷ್ಟವಾಗಿ ಬರೆದಿದಾರೆ. ಆದ್ರೆ ಕಳಿಸೋಕೆ ರೋಗಿ ಒಪ್ಪಿಗೆ ಬೇಕಲ್ಲ. ಅವರನ್ನ ಎಲ್ಲಿ ಅಂತ ಹುಡುಕೋದು?"

"ಒಪ್ಪಿಗೆ ಇದೆ ಮೇಡಂ!" ಎಂದು ತಮ್ಮ ಕುರ್ಚಿಯಿಂದಲೇ ಕಿರುಚಿದ.

ಅಕ್ಕ ಹಣೆ ಚಚ್ಚಿಕೊಂಡಳು.

"ಯಾರ್ರೀ ಅದು?" ಎಂದರು ಪಿಂಚಣಿಯವರು.

"ರೋಗಿ," ಎಂದಳು ಅಕ್ಕ.

"ಮತ್ತೆ ನೀವು?"

ಆ ಪ್ರಶ್ನೆಗೆ ಕೆಲಸದುದ್ದಕ್ಕೂ ಉತ್ತರ ಕೊಡದವಳು ಮೊಬೈಲಿನತ್ತ ಬಾಗಿದಳು. "ನಾನು ಅವನ ಅಕ್ಕ."

"ಓಹೋ! ನಿನ್ನೆ ನಮ್ಮ ಫೋನೆತ್ತಿ ಸಾಹೇಬ್ರನ್ನ ಕಾಯಿಸಿದ್ದು..."

"ನಾನೇ. ತಪ್ಪಾಯ್ತು. ಇವತ್ತಿನದು ತಪ್ಪು ಅನ್ಸಿದ್ರೆ ಈಗಲೇ ಲೈನ್ ಬಿಡಿಸ್ತೀನಿ."

ತಮ್ಮ ಕುರ್ಚಿಯ ಅಂಚಿಗೆ ಸರಿದ. ಈಗ ಯಾರಾದರೂ ಒಬ್ಬರು ಫೋನ್ ಕುಕ್ಕಿದರೆ ಮುಗಿಯಿತು. ಫೈಲೂ ಮುಚ್ಚಿತು, ಮಂಡಿಯ ಕತೆಯೂ ಮುಗಿಯಿತು. ಆದರೆ ಮೊದಲು ಕೇಳಿಸಿದ್ದು ಆಸ್ಪತ್ರೆಯ ಹೆಂಗಸಿನ ಕಿಸಕ್ಕೆನ್ನುವ ನಗು. ಆಮೇಲೆ ಆ ಗೊಗ್ಗರು ದನಿ: "ಅಯ್ಯೋ, ಬಿಡಿಸ್ಬೇಡಿ ಅಮ್ಮಾ! ಇವರಿಬ್ಬರೂ ಒಟ್ಟಿಗೆ ಸಿಕ್ಕಿರೋದು ನನ್ನ ಸರ್ವೀಸಲ್ಲೇ ಇದೇ ಮೊದಲು. ನಾನು ಈಗಲೇ ಬರೀತೀನಿ, ಮೇಡಂ ಈಗಲೇ ಕಳಿಸ್ಲಿ. ಪಿಂಚಣಿ, ಏನಂತೀರಿ?"

ಎರಡನೇ ಕೌಂಟರಿನವರು ನಿಟ್ಟುಸಿರು ಬಿಟ್ಟರು. "ಕಳಿಸಿ ಸಾರ್, ತಗೋತೀನಿ." ತಡೆದು, ದನಿ ತಗ್ಗಿಸಿ ಕೇಳಿದರು: "ಅಮ್ಮಾ, ಇದೇ ಥರ ಇನ್ನೂ ನಾಲ್ಕು ಫೈಲು ಸಿಕ್ಕಿಹಾಕ್ಕೊಂಡಿದೆ. ಲೈನಲ್ಲಿರ್ತೀರಾ?"

ಮಧ್ಯಾಹ್ನದ ಊಟ ಆರಿ ತಣ್ಣಗಾಗುವವರೆಗೂ ಅಕ್ಕ ಲೈನಿನಲ್ಲಿದ್ದಳು. ಕಂಡು ಕೇಳರಿಯದ ನಾಲ್ವರು ಸೈನಿಕರ ಬೆನ್ನು, ಕಿವಿ, ಭುಜ, ಬೆರಳುಗಳನ್ನು ಒಂದೊಂದಾಗಿ ಆಯಾ ಕಚೇರಿಗೆ ಜೋಡಿಸಿಕೊಟ್ಟಳು. ಎದುರಿಗೆ ಕೂತ ತಮ್ಮನಿಗೆ ತಾನು ಸೇನೆಯಲ್ಲಿ ಪದಕ ಪಡೆದ ದಿನವೂ ಎದೆ ಇಷ್ಟು ಉಬ್ಬಿದ್ದು ನೆನಪಿರಲಿಲ್ಲ.

ಮಂಡಳಿ "ವಯಸ್ಸಿನ ಸವೆತ"ವನ್ನು ಹೊಡೆದುಹಾಕಿ "ಸೇವೆಯಲ್ಲಿ ಆದ ಗಾಯ" ಎಂದು ಬರೆಯಿತು. ಹೊಸ ಮಂಡಿ ಬಂತು. ಒಂದು ಬೆಳಿಗ್ಗೆ ಸ್ಟೇರಿಂಗ್ ಕೋಲಿಲ್ಲದೆ ಎರಡು ಮಹಡಿ ಇಳಿದು, ಬೀದಿಯವರೆಲ್ಲ ನೋಡಲೆಂದು ಸುಮ್ಮಸುಮ್ಮನೆ ಇನ್ನೊಮ್ಮೆ ಹತ್ತಿ ಇಳಿದ.

ಮಾಜಿ ಸೈನಿಕರ ಸಂಘದವರು ಸಭೆ ಕರೆದು ಅಕ್ಕನಿಗೆ ಸನ್ಮಾನ ಮಾಡಿದರು. ಫೈಲು ಬಿಡಿಸಿಕೊಂಡ ನಾಲ್ವರೂ ಮುಂದಿನ ಸಾಲಿನಲ್ಲಿದ್ದರು. ಎರಡನೇ ಕೌಂಟರಿನವರೂ ಬಂದು ಹಿಂದೆ ನಿಂತಿದ್ದರು. ಅಧ್ಯಕ್ಷರಾದ ನಿವೃತ್ತ ಕರ್ನಲ್ ಕೈಮುಗಿದು ಕೇಳಿದರು. "ಮೂರು ಕಚೇರಿಗಳ ಎದುರು ಒಬ್ಬಂಟಿಯಾಗಿ ನಿಂತಿರಿ. ತಾಯೀ, ನಮ್ಮ ಹುಡುಗರಿಗೆ ಒಂದು ಮಾತು ಹೇಳಿ. ಸೋಲೊಪ್ಪದೆ ಹೋರಾಡುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು?"

ತಮ್ಮ ಕರವಸ್ತ್ರ ತೆಗೆದು ಸಿದ್ಧವಾಗಿ ಹಿಡಿದುಕೊಂಡ.

ಅಕ್ಕ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಕಸದ ಬುಟ್ಟಿ ಸಾರ್. ಅದನ್ನ ದಿನಾ ಎರಡು ಮಹಡಿ ಇಳಿಸೋಕೆ ಮನೇಲಿ ಕಾಲು ನೆಟ್ಟಗಿರೋ ಇನ್ನೊಂದು ಆಳು ಬೇಕಿತ್ತು."